ಮಿಂಚಂಚೆಭಂಗ ಮೀಮಾಂಸೆ

ಬರಬೇಕಾದ ಇಮೇಲ್ ಬಾರದೆ, ಹೋಗಬೇಕಾದದ್ದು ಹೋಗದೆ, ಪರದೆಯ ಮೇಲೆ ‘ಝೀರೋ ಎಕ್ಸ್ 800 ಸಿಸಿಸಿ ಝೀರೋ ಎಫ್’ ಎಂಬ ಬೀಜಾಕ್ಷರ ಮೂಡುವ ಸ್ಥಿತಿಯೇ ಮಿಂಚಂಚೆಭಂಗ. ಇದು ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಹಳೆಯ ಇಮೇಲ್ ಪ್ರೋಗ್ರಾಮಿನ ಶಾಖೆಯ ಪಾಠ. ಅರ್ಥ: ಸರ್ವರ್ ಜೊತೆಗಿನ ಸಂಪರ್ಕ ನಡುವೆ ಕಡಿಯಿತು. ಔಟ್‌ಲುಕ್ ಶಾಖೆಯ ಪಾಠಾಂತರ ‘ಝೀರೋ ಎಕ್ಸ್ 8004210ಎ’. ಅರ್ಥ: ಸರ್ವರಿನ ಉತ್ತರಕ್ಕೆ ಕಾದು ಕಾದು ಸಮಯ ಮೀರಿತು. ತಪ್ಪು ಸರ್ವರಿನದು ಎಂಬಲ್ಲಿ ಎರಡೂ ಶಾಖೆಗಳಿಗೆ ಒಮ್ಮತ. ಈ ಪ್ರಬಂಧ ಖಂಡಿಸಹೊರಟಿರುವುದು ಆ ಒಮ್ಮತವನ್ನೇ.

ಮೊದಲು ಗುರುಪರಂಪರೆ. 1971ರಲ್ಲಿ ಅಮೆರಿಕದ ಬಿಬಿಎನ್ ಸಂಸ್ಥೆಯ ರೇ ಟಾಮ್ಲಿನ್‌ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸಿ, ವಿಳಾಸದ ನಡುವೆ ‘ಅಟ್’ ಚಿಹ್ನೆಯನ್ನು ಪ್ರತಿಷ್ಠಾಪಿಸಿದರು. ಅದೇ ಸಂಸ್ಥೆಯ ಬಾಬ್ ಥಾಮಸ್ ಬರೆದ ‘ಕ್ರೀಪರ್’ ಎಂಬ ಪ್ರೋಗ್ರಾಮು ಯಂತ್ರದಿಂದ ಯಂತ್ರಕ್ಕೆ ಅಲೆಯತೊಡಗಿದಾಗ, ಅದನ್ನು ಹುಡುಕಿ ಅಳಿಸುವ ‘ರೀಪರ್’ ಬರೆದವರೂ ಇದೇ ಟಾಮ್ಲಿನ್‌ಸನ್. ಅಂದರೆ ಇಮೇಲೂ ಆಂಟಿವೈರಸ್ಸೂ ಒಂದೇ ಮನೆಯ ಕೂಸುಗಳು. ಮುಂದಿನ ದಾಯಾದಿ ಜಗಳಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಪೂರ್ವಪಕ್ಷದವರು ಕೇಳುತ್ತಾರೆ: ಅಂಚೆಗೆ ಕಾವಲು ಬೇಡವೇ? ಬೇಕಿತ್ತು. 1999ರಲ್ಲಿ ಮೆಲಿಸ್ಸಾ ಎಂಬ ಇಮೇಲ್ ವೈರಸ್ ಬಂತು. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ‘ಐ ಲವ್ ಯೂ’ ಹೊರಟಿತು. ಪ್ರೇಮಪತ್ರವೆಂದು ನಂಬಿ ತೆರೆದವರ ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ, ಮೇಲಧಿಕಾರಿಗಳೂ ಸೇರಿದಂತೆ, ಅದೇ ಪ್ರೇಮ ನಿವೇದನೆಯಾಯಿತು. ಆಂಟಿವೈರಸ್ ಕಂಪನಿಗಳು ಅಂಚೆಯ ಬಾಗಿಲಲ್ಲೇ ಜಯವಿಜಯರನ್ನು ನಿಲ್ಲಿಸಿದ್ದು ಹೀಗೆ. ಆ ಜೋಡಿ ವೈಕುಂಠದ ಬಾಗಿಲಲ್ಲಿ ತಡೆದದ್ದು ಯಾರನ್ನು ಎಂಬುದು ಪುರಾಣ ಕೇಳಿದವರಿಗೆಲ್ಲ ಗೊತ್ತು.

ಈಗ ಭಂಗದ ಕ್ರಮ. ಇಮೇಲ್ ಪ್ರೋಗ್ರಾಮು 110ನೇ ಪೋರ್ಟಿನಲ್ಲಿ ಸರ್ವರನ್ನು ಕರೆಯುತ್ತದೆ. ‘ಓ’ ಎನ್ನುವುದು ಸರ್ವರಲ್ಲ, ನಡುವೆ ಕೂತ ಆಂಟಿವೈರಸ್. ಅದು ಪತ್ರವನ್ನು ತಾನೇ ಇಳಿಸಿಕೊಂಡು, ಪೂರ್ತಿ ಓದಿ, ಮನಸ್ಸಿಗೆ ಬಂದರೆ ಒಪ್ಪಿಸುತ್ತದೆ. ಪತ್ರಕ್ಕೆ ದಪ್ಪ ಫೋಟೊಗಳು ಅಂಟಿಕೊಂಡಿದ್ದರೆ ಓದು ಮುಗಿಯುವಷ್ಟರಲ್ಲಿ ಇಮೇಲ್ ಪ್ರೋಗ್ರಾಮಿನ ತಾಳ್ಮೆ ಮುಗಿದಿರುತ್ತದೆ. ದೂರು ಸರ್ವರಿನ ಹೆಸರಿಗೆ ದಾಖಲಾಗುತ್ತದೆ. ಹಳೆಯ ಕೆಲವು ಆಂಟಿವೈರಸ್‌ಗಳಂತೂ ಸೆಟ್ಟಿಂಗಿನಲ್ಲಿದ್ದ ಸರ್ವರ್ ಹೆಸರನ್ನೇ ಅಳಿಸಿ 127.0.0.1 ಎಂದು ಬರೆದಿಡುತ್ತಿದ್ದವು. ಇದು ಪ್ರತಿ ಕಂಪ್ಯೂಟರೂ ತನ್ನನ್ನು ತಾನು ಕರೆದುಕೊಳ್ಳುವ ವಿಳಾಸ. ಆಂಟಿವೈರಸ್ ತೆಗೆದುಹಾಕಿದ ಮೇಲೂ ಅದು ಹಾಗೇ ಉಳಿದುಬಿಟ್ಟರೆ, ಇಮೇಲ್ ಪ್ರೋಗ್ರಾಮು ತನ್ನ ಮನೆಯ ಬಾಗಿಲನ್ನು ತಾನೇ ತಟ್ಟುತ್ತಾ, ಒಳಗೆ ಯಾರೂ ಇಲ್ಲವೆಂದು ವರದಿ ಮಾಡುತ್ತದೆ. ಅದ್ವೈತಕ್ಕೆ ಇದಕ್ಕಿಂತ ಹತ್ತಿರ ಬಂದ ತಂತ್ರಾಂಶ ಕಂಡಿಲ್ಲ.

ಗೂಢಲಿಪಿಯ 995 ಮತ್ತು 993ನೇ ಪೋರ್ಟುಗಳು ಬಂದ ಮೇಲೆ ನಡುವೆ ಕೂತು ಓದುವುದು ಕಷ್ಟವಾಯಿತು. ಅದಕ್ಕೆ ಆಂಟಿವೈರಸ್, ಸರ್ವರಿನ ಪ್ರಮಾಣಪತ್ರದ ಜಾಗದಲ್ಲಿ ತಾನೇ ಸಹಿ ಹಾಕಿದ ಪ್ರಮಾಣಪತ್ರ ತೋರಿಸತೊಡಗಿತು. ವಿಂಡೋಸ್ ಅದನ್ನು ನಂಬಿದರೂ, ನಂಬಬಹುದಾದವರ ಪಟ್ಟಿಯನ್ನು ತಾನೇ ಬೇರೆಯಾಗಿ ಇಟ್ಟುಕೊಂಡಿರುವ ತಂಡರ್‌ಬರ್ಡ್ ಎಂಬ ಇಮೇಲ್ ಪ್ರೋಗ್ರಾಮು ಅನುಮಾನಪಡುವುದುಂಟು. ಬೈಗುಳ ಬೀಳುವುದು ಮಾತ್ರ ತಂಡರ್‌ಬರ್ಡಿಗೆ.

ಮಹಾಭಂಗ ಇನ್ನೊಂದಿದೆ. ತಂಡರ್‌ಬರ್ಡ್ ಸಾಮಾನ್ಯವಾಗಿ ಇನ್‌ಬಾಕ್ಸಿನ ಅಷ್ಟೂ ಪತ್ರಗಳನ್ನು ಒಂದೇ ಕಡತದಲ್ಲಿ ಹೊಲಿದಿಡುತ್ತದೆ. ಸಾವಿರಾರು ಪತ್ರಗಳ ನಡುವೆ ಒಂದರಲ್ಲಿ ವೈರಸ್ ಇದ್ದರೂ ಆಂಟಿವೈರಸ್ಸಿಗೆ ಕಾಣುವುದು ‘ಇನ್‌ಬಾಕ್ಸ್’ ಎಂಬ ಒಬ್ಬನೇ ಅಪರಾಧಿ. ಇಡೀ ಕಡತ ಕ್ವಾರಂಟೈನಿಗೆ. ಬೆಳಿಗ್ಗೆ ಇನ್‌ಬಾಕ್ಸ್ ತೆರೆದವರಿಗೆ ಶೂನ್ಯದರ್ಶನ! ಕಚೇರಿಯ ಸಿಸ್ಟಮ್ ಹುಡುಗ ಬಂದು ‘ರೀಸ್ಟಾರ್ಟ್ ಮಾಡಿ ನೋಡಿ ಸಾರ್’ ಎನ್ನುತ್ತಾನೆ. ನೋಡಬೇಕಾದದ್ದು ಕ್ವಾರಂಟೈನ್ ಪಟ್ಟಿಯನ್ನು; ಕಡತ ಅಲ್ಲಿದ್ದರೆ ಹಿಂದಕ್ಕೆ ಪಡೆಯಬಹುದು, ಅಳಿಸಿದ್ದರೆ ಬ್ಯಾಕಪ್ಪೇ ಗತಿ.

ಕಾವಲಿನವರು ತಪ್ಪೇ ಮಾಡುವುದಿಲ್ಲ ಎನ್ನುವವರಿಗೆ ಎರಡು ದೃಷ್ಟಾಂತ. 2010ರ ಏಪ್ರಿಲ್ 21ರಂದು ಮ್ಯಾಕಫಿಯ ಅಪ್‌ಡೇಟೊಂದು ವಿಂಡೋಸ್ ಎಕ್ಸ್‌ಪಿಯ ‘ಎಸ್‌ವಿಸಿ ಹೋಸ್ಟ್’ ಎಂಬ ಜೀವನಾಡಿಯನ್ನೇ ವೈರಸ್ ಎಂದು ಹಿಡಿಯಿತು. ಯಂತ್ರಗಳು ಪದೇ ಪದೇ ರೀಸ್ಟಾರ್ಟ್ ಆದವು, ನೆಟ್‌ವರ್ಕ್ ಕಳೆದುಕೊಂಡವು. 2012ರ ಸೆಪ್ಟೆಂಬರಿನಲ್ಲಿ ಸೋಫೋಸ್ ತನ್ನದೇ ಅಪ್‌ಡೇಟ್ ಪ್ರೋಗ್ರಾಮನ್ನು ಬಂಧಿಸಿತು. ಪರಿಹಾರ ಬರಬೇಕಾದದ್ದು ಆ ಅಪ್‌ಡೇಟ್ ಮೂಲಕವೇ.

ನಿರ್ಣಯಕ್ಕೆ ನಮ್ಮ ತಾರ್ಕಿಕರ ಅನ್ವಯ-ವ್ಯತಿರೇಕವೇ ಸಾಕು: ಅದಿದ್ದರೆ ಇದುಂಟು, ಅದಿಲ್ಲದಿದ್ದರೆ ಇದಿಲ್ಲ. ಇಮೇಲ್ ಸ್ಕ್ಯಾನ್ ಆಫ್ ಮಾಡಿದಾಗ ಪತ್ರ ಬಂದರೆ ಕಳ್ಳ ಸಿಕ್ಕ. ಆಫ್ ಎಂದರೂ ನಡುವಿನಿಂದ ಏಳದ ಆಂಟಿವೈರಸ್‌ಗಳಿವೆ. ಅಂಥವನ್ನು ಪೂರ್ತಿ ತೆಗೆದು, ಇಮೇಲ್ ಭಾಗ ಬಿಟ್ಟು ಮತ್ತೆ ಹಾಕಬೇಕು. ಇದು ಆಂಟಿವೈರಸ್ ನಿಂದೆಯಲ್ಲ: ಅಟ್ಯಾಚ್‌ಮೆಂಟ್ ಉಳಿಸುವಾಗ, ತೆರೆಯುವಾಗ ಕಡತ ಕಾಯುವ ಭಾಗ ಹೇಗೂ ಪರೀಕ್ಷಿಸುತ್ತದೆ. ಅದು ಎಚ್ಚರವಾಗಿದೆಯೇ ಎಂದು ಸಂಶಯವಿದ್ದವರು ಐಕಾರ್ ಸಂಸ್ಥೆಯ 68 ಅಕ್ಷರಗಳ ನಿರಪಾಯ ಪರೀಕ್ಷಾ ಪಠ್ಯವನ್ನು ಒಂದು ಕಡತದಲ್ಲಿ ಉಳಿಸಿ ನೋಡಬಹುದು, ಆಂಟಿವೈರಸ್ ಮೇಲೆರಗಬೇಕು. ತಂಡರ್‌ಬರ್ಡ್ ಬಳಸುವವರು, ಬರುವ ಪತ್ರಗಳನ್ನು ಒಂದೊಂದಾಗಿ ಕ್ವಾರಂಟೈನ್ ಮಾಡಲು ಬಿಡುವ ಆಯ್ಕೆಗೆ ಟಿಕ್ ಹಾಕಿ, ಪತ್ರಗಳ ಕಡತವಿರುವ ಪ್ರೊಫೈಲ್ ಫೋಲ್ಡರನ್ನು ಸ್ಕ್ಯಾನಿನಿಂದ ಹೊರಗಿಡಲಿ. ಇದನ್ನೆಲ್ಲ ಮುಟ್ಟುವ ಮೊದಲು ಆ ಫೋಲ್ಡರಿನ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ.