ಆಷಾಢದ ರೇಟು

ಹಳೇ ಕಾರು ಕೊಳ್ಳಲು ಹೊರಟವನ ಕೈಯಲ್ಲಿ ಮೊದಲು ಇರಬೇಕಾದದ್ದು ಒಂಟಿಕೊಪ್ಪಲ್ ಪಂಚಾಂಗ. ಒಳ್ಳೇ ದಿನ ಯಾವುದು ಅಂತ ನೋಡುವುದಕ್ಕಲ್ಲ, ಉಳಿದವರು ಯಾವಾಗ ಕೊಳ್ಳುವುದಿಲ್ಲ ಅಂತ ತಿಳಿಯುವುದಕ್ಕೆ. ಆಷಾಢ, ಪಿತೃಪಕ್ಷ, ಧನುರ್ಮಾಸ ಬಂತೆಂದರೆ ವಾಹನ ಮಾರುವವರು ನೊಣ ಹೊಡೆಯುತ್ತಾ ಕೂತಿರುತ್ತಾರೆ. ಧನುರ್ಮಾಸದಲ್ಲಂತೂ ಅವರಿಗೆ ಎರಡೆರಡು ಪೆಟ್ಟು. ಡಿಸೆಂಬರ್ 31ರ ರಾತ್ರಿ ಷೆಡ್ಡಿನಲ್ಲಿ ಮಲಗಿದ ಕಾರು ಬೆಳಗಾಗುವಷ್ಟರಲ್ಲಿ, ಒಂದು ಗಜವೂ ಓಡದೆ, ಒಂದು ವರ್ಷ ಮುದಿಯಾಗಿ ಎದ್ದಿರುತ್ತದೆ.

ನಮಗೆ ಒದಗಿದ್ದು ಆಷಾಢ. ಮೈಸೂರಿನ ಸರಸ್ವತಿಪುರಂನಲ್ಲಿ ನಿವೃತ್ತ ಮೇಷ್ಟ್ರೊಬ್ಬರು 2016ರ ಆಲ್ಟೋ ಮಾರುತ್ತಾರೆಂದು ತಿಳಿದು, ಸೋದರಮಾವನನ್ನೂ ನಮ್ಮ ಬೀದಿಯ ಮೆಕ್ಯಾನಿಕ್‌ನನ್ನೂ ಕರೆದುಕೊಂಡು ಹೋದೆ. ಮಾವ ಚುಂಚನಕಟ್ಟೆ ಜಾತ್ರೆಯಲ್ಲಿ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ಎತ್ತಿನ ವ್ಯಾಪಾರ ಕುದುರಿಸಿದವರು. ಎತ್ತಿನ ವಯಸ್ಸನ್ನು ಹಲ್ಲು ನೋಡಿ ಹೇಳಬಲ್ಲರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಲ್ಲಿ ನೋಡಬೇಕೆಂದು ತೋಚದೆ ನಿಂತರು.

ಮೆಕ್ಯಾನಿಕ್ ಕುಕ್ಕರಗಾಲಲ್ಲಿ ಕೂತು, ಟೈರಿನ ಮಗ್ಗುಲ ಧೂಳನ್ನು ಹೆಬ್ಬೆರಳಿನಿಂದ ಒರೆಸಿ, ನಾಲ್ಕು ಅಂಕಿ ತೋರಿಸಿದ: 1616. “2016ನೇ ಇಸವಿಯ 16ನೇ ವಾರದ ಮಾಲು. ಕಾರಿನ ಜೊತೆಗೇ ಹುಟ್ಟಿದ್ದು.”

“ಮತ್ತೆ! ಟೈರು ಬದಲಾಯಿಸೋ ಅಷ್ಟೂ ಓಡಿಸಿಲ್ಲ ನಾನು,” ಎಂದರು ಮೇಷ್ಟ್ರು ಹೆಮ್ಮೆಯಿಂದ.

ಮಾವನಿಗೆ ಹಲ್ಲು ಸಿಕ್ಕಿತು. “ಅಂದ್ರೆ ನಾಲ್ಕೂ ನಾವೇ ಹಾಕಿಸ್ಬೇಕು ಅನ್ನಿ.”

ಅಷ್ಟರಲ್ಲಿ ಮೆಕ್ಯಾನಿಕ್ ಬಾನೆಟ್ ಮೇಲೆ ಅಂಗೈ ಇಟ್ಟಿದ್ದ. “ಬಿಸಿ ಇದೆಯಲ್ಲ ಸಾರ್?” ಕೊಳ್ಳುವವರು ಬರುವ ಮುಂಚೆಯೇ ಎಂಜಿನ್ ಬಿಸಿ ಮಾಡಿಟ್ಟರೆ ತಣ್ಣಗಿದ್ದಾಗ ಕಾಣುವ ರೋಗ ಕಾಣುವುದಿಲ್ಲವಂತೆ. ನೀಲಿ ಹೊಗೆ ಬಂದರೆ ಗಾಡಿ ಆಯಿಲ್ ಕುಡಿಯುತ್ತಿದೆ ಎಂದರ್ಥ. ಹಾಲಿನವನಿಗೆ ದಾರಿ ಬಿಡಲು ಕಾರನ್ನು ಹಿಂದೆ ಮುಂದೆ ಮಾಡಿದೆ ಎಂದು ಮೇಷ್ಟ್ರು ತೊದಲಿದರು. ಹಾಲಿನವನು ಲಾರಿಯಲ್ಲಿ ಬರುತ್ತಾನೋ ಏನೋ! ಎಂಜಿನ್ ಆರಲಿ ಎಂದು ಕಾಯುತ್ತಾ ಕೂತೆವು. ಕಾಫಿ ಬಂತು, ಉಪ್ಪಿಟ್ಟೂ ಬಂತು. ಉಪ್ಪಿಟ್ಟು ತಿಂದ ಮೇಲೆ ಬೆಲೆ ತಗ್ಗಿಸಿ ಕೇಳಲು ನಾಲಗೆ ಏಳುವುದಿಲ್ಲ. ಮಾವನಿಗೆ ಅಂಥ ತೊಂದರೆ ಇಲ್ಲ.

“ಎರಡು ಲಕ್ಷ ಅರವತ್ತು ಸಾವಿರ ಹೇಳಿದ್ದೀರಿ. ಆಷಾಢದಲ್ಲಿ ಯಾರು ತಗೋತಾರೆ ಮೇಷ್ಟ್ರೇ? ಎರಡಕ್ಕೆ ಮುಗಿಸಿ.”

“ಆಷಾಢದಲ್ಲಿ ಮನೆ ಲಕ್ಷ್ಮಿನ ಯಾರು ಆಚೆ ಕಳಿಸ್ತಾರೆ ಸ್ವಾಮಿ? ಎರಡೂವರೆ.”

ಈ ಹಂತದಲ್ಲಿ ಮನೆಯಿಂದ ಫೋನು. ರೇಟು ಆಷಾಢದಲ್ಲೇ ಮುಗಿಯಲಿ, ಗಾಡಿ ಮಾತ್ರ ಶ್ರಾವಣದಲ್ಲಿ ಬರಲಿ ಎಂದು ನನ್ನಾಕೆಯ ಅಪ್ಪಣೆ. ಇದರಲ್ಲಿ ಏನೂ ತಪ್ಪು ಕಾಣಲಿಲ್ಲ ನನಗೆ. ಮೇಷ್ಟ್ರಿಗೆ ಕಂಡಿತು. “ಶ್ರಾವಣದಲ್ಲಿ ಒಯ್ಯೋದಾದ್ರೆ ಶ್ರಾವಣದ ರೇಟು ಕೊಡಿ!”

ಮಾತು ಅಲ್ಲಿಗೇ ಗಂಟುಬಿತ್ತು. ಬಿಡಿಸಿದ್ದು ಅಡುಗೆಮನೆಯ ದನಿ: “ರೀ, ಆ ಕಾರಿನ ದೆಸೆಯಿಂದ ನನ್ನ ಸ್ಕೂಟರ್ ದಿನಾ ಮಳೇಲಿ ನೆನೀತಿದೆ. ಕೊಟ್ಟು ಕಳಿಸ್ತೀರೋ ಇಲ್ವೋ?” ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಎರಡು ಲಕ್ಷ ಇಪ್ಪತ್ತೈದು ಸಾವಿರಕ್ಕೆ ಇಳಿದರು. ಅಷ್ಟು ಹೊತ್ತಿಗೆ ಎಂಜಿನ್ನೂ ತಣ್ಣಗಾಗಿತ್ತು. ಚಾಲೂ ಮಾಡಿದರೆ ಹೊಗೆಯ ಸುಳಿವೇ ಇಲ್ಲ! ಪಾಪ, ಹಾಲಿನವನು ನಿಜವಾಗಿಯೂ ಬಂದಿದ್ದನೇನೋ. ಆ ಗುಮಾನಿ ಮುಖದಲ್ಲಿ ಕಾಣದಂತೆ ಅಡ್ವಾನ್ಸ್ ಎಣಿಸಿಕೊಟ್ಟೆ.

ಶ್ರಾವಣ ಶುಕ್ರವಾರ, ರಾಹುಕಾಲ ತಪ್ಪಿಸಿ ಹೋದೆವು. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ ಹಾಕಬೇಕು, ಆದರೆ ನೋ ಕ್ಲೇಮ್ ಬೋನಸ್ ಮಾಲೀಕನದು, ಅದು ಕಾರಿನ ಹಿಂದೆ ಬರುವುದಿಲ್ಲ ಎಂದು ಮೇಷ್ಟ್ರು ಪಾಠ ಮಾಡಿದರು. ಆಮೇಲೆ ನಾನು ತುಂಬಿಸಿಕೊಂಡು ಹೋಗಿದ್ದ ಫಾರಂ 29 ಕೈಗೆತ್ತಿಕೊಂಡು, ವಿಳಾಸದಲ್ಲಿನ ಕಾಗುಣಿತ ತಪ್ಪಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. ಕೆಂಪು ಗೀಚಿದ ಫಾರಂ ಆರ್‌ಟಿಒದಲ್ಲಿ ನಡೆಯುತ್ತದೆಯೇ? ಓಡಿಹೋಗಿ ಹೊಸದು ತುಂಬಿಸಿ ತಂದೆ. ಅದರಲ್ಲಿ ಅವರಿಗೆ ಎರಡು ತಪ್ಪು ಸಿಕ್ಕವು.