ಅಜವಾನ ಕೊಡದ ಅಜವಾನದ ಗಿಡ

ದೊಡ್ಡಪತ್ರೆ ತುಳಸಿ, ಪುದೀನಗಳ ಕುಟುಂಬದ ಗಿಡ. ದಪ್ಪ ಎಲೆ, ಘಾಟು ವಾಸನೆ, ಹಲವು ವರ್ಷದ ಬಾಳು. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಅಂಗಳದಲ್ಲಿ ಕರೆಯುವವರಿದ್ದಂತೆ ಇದರ ಹೆಸರು. ತೆಲುಗರಿಗೆ ವಾಮಾಕು, ದಖನಿಯವರಿಗೆ ಅಜವೈನ್ ಪತ್ತಾ, ಕನ್ನಡದವರಿಗೆ ಅಜವಾನದ ಎಲೆ. ಮೂರೂ ಸುಳ್ಳು. ಅಜವಾನ ಜೀರಿಗೆ, ಕೊತ್ತಂಬರಿಗಳ ನೆಂಟ. ಥೈಮಾಲ್, ಕಾರ್ವಕ್ರಾಲ್‌ಗಳ ವಾಸನೆಯೊಂದು ಬಿಟ್ಟರೆ ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾಳು ಬಿಟ್ಟೀತೆಂದು ಕಾದವರು ಕಾಯುತ್ತಲೇ ಇರಬೇಕು.

ಇಂಗ್ಲಿಷಿನವರು ಇದನ್ನು ಕ್ಯೂಬಾದ್ದೆಂದೂ ಮೆಕ್ಸಿಕೋದ್ದೆಂದೂ ಕರೆದರು; ಎರಡೂ ಅದರ ತವರಲ್ಲ. ಸಸ್ಯಶಾಸ್ತ್ರಜ್ಞರು 1790ರಲ್ಲಿ ಕೋಲಿಯಸ್ ಎಂದರು, ಆಮೇಲೆ ಪ್ಲೆಕ್ಟ್ರಾಂಥಸ್ ಎಂದರು, ಈಗ ಪುನಃ ಕೋಲಿಯಸ್ ಎನ್ನುತ್ತಾರೆ. ಕೂತಲ್ಲಿಂದ ಕದಲದೆ ವಿಳಾಸ ಬದಲಾಗುವುದು ಈ ಊರುಗಳಿಗೆ ಹೊಸದಲ್ಲ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡಗಳೂ ಗುಲ್ಬರ್ಗ ಜಿಲ್ಲೆಯಲ್ಲಿದ್ದ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು, 2014ರಲ್ಲಿ ತೆಲಂಗಾಣದವಾದವು. ಅಂಗಳದ ಮಾತು ಮಾತ್ರ ಹಳೆಯದೇ ಉಳಿಯಿತು.

ಬೆಳೆಸಲು ಬೀಜ ಬೇಡ, ನೆರೆಮನೆಯಲ್ಲಿ ಒಂದು ಗಿಡವಿದ್ದರೆ ಸಾಕು. ಗೆಣ್ಣಿನ ಕೆಳಗೆ ಕತ್ತರಿಸಿದ ನಾಲ್ಕೈದು ಅಂಗುಲದ ಕಡ್ಡಿಯ ಕೆಳಗಿನ ಎಲೆ ಕಿತ್ತು, ಹಸಿ ಮಣ್ಣಿಗೆ ಊರಿದರೆ ಎರಡು ವಾರದೊಳಗೆ ಬೇರು ಬರುತ್ತದೆ. 2022ರಲ್ಲಿ ಭೌಗೋಳಿಕ ಸೂಚಕ ಪಡೆದ ತಾಂಡೂರು ತೊಗರಿಗೆ ಎರೆಮಣ್ಣು ಒಗ್ಗುತ್ತದೆ, ಇದಕ್ಕೆ ಒಗ್ಗದು. ಕುಂಡದಲ್ಲಿ ಎರೆ ನೀರು ಹಿಡಿದು ಬೇರು ಕೊಳೆಸುತ್ತದೆ. ಕೆಮ್ಮಣ್ಣು, ಮರಳು, ಒಂದು ಹಿಡಿ ಗೊಬ್ಬರ ಬೆರೆಸಬೇಕು. ಕುಂಡ ಇಲ್ಲದಿದ್ದರೆ ತೂತುಬಿದ್ದ ಬಕೇಟು ಇನ್ನೂ ಒಳ್ಳೆಯದು, ನೀರಿಗೆ ದಾರಿ ಆಗಲೇ ಇರುತ್ತದೆ.

ಬೇಸಿಗೆಯಲ್ಲಿ ತಾಂಡೂರು ಫರಸಿ ಹಾಸಿದ ಅಂಗಳ ರೊಟ್ಟಿಯ ಹಂಚಿನಷ್ಟು ಕಾಯುತ್ತದೆ. ಆಗ ಗಿಡವನ್ನು ನೆರಳಿಗೆ ಸರಿಸಬೇಕು. ಆದರೆ ಬಿಸಿಲಿಗಿಂತ ಇದನ್ನು ಹೆಚ್ಚು ಕೊಲ್ಲುವುದು ಮುದ್ದು. ಬೆಳಿಗ್ಗೆ ಅಜ್ಜಿ, ಮಧ್ಯಾಹ್ನ ಸೊಸೆ, ಸಂಜೆ ಮೊಮ್ಮಗ ನೀರು ಹನಿಸುವ ಮನೆಯಲ್ಲಿ ಅದು ಬಾಳದು; ಮರೆತ ಮನೆಯಲ್ಲಿ ಪೊದೆಯಾಗುತ್ತದೆ.

ತುದಿ ಚಿವುಟಿದಷ್ಟೂ ಕವಲು ಒಡೆಯುತ್ತದೆ. ಹೀಗಾಗಿ ಮಳೆ ಹಿಡಿದ ಸಂಜೆ ಎಲೆಗಳನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬಜಿ ಕರಿಯುವವರು ತಾವರಿಯದೆ ತೋಟಗಾರಿಕೆಯನ್ನೇ ಮಾಡುತ್ತಿರುತ್ತಾರೆ. ಕೆಮ್ಮಿಗೆಂದು ಇದರ ರಸ ಕುಡಿಸುವಾಗ ಮಾತ್ರ ಮಕ್ಕಳು ಗಿಡದ ಕಡೆಗೇ ಸುಳಿಯುವುದಿಲ್ಲ.

ಕೆಲವು ವರ್ಷಕ್ಕೆ ಬುಡ ಕಟ್ಟಿಗೆಯಾಗಿ ಎಲೆ ಸೊರಗುತ್ತದೆ. ಆಗ ಹೊಸ ಕಡ್ಡಿಗೆ ಹೋಗಬೇಕಾದದ್ದು ಹಿಂದೆ ತಾವೇ ಕಡ್ಡಿ ಕೊಟ್ಟ ಮನೆಗೆ. ಆದ್ದರಿಂದ ಕೇಳಿ ಬಂದವರಿಗೆ ಇಲ್ಲವೆನ್ನಬಾರದು.