ಸೋದರತ್ತೆಯ ಕಣ್ಣು, ಕರಿಯನ ಬಾಲ

ನಾನು ತೆಗೆದ ಫೋಟೋಗಳಲ್ಲಿ ಸೋದರತ್ತೆಯ ಕಣ್ಣು ಸದಾ ಮುಚ್ಚಿರುತ್ತದೆ. ನಮ್ಮ ನಾಯಿ ಕರಿಯನದು ಬಾಲವಷ್ಟೇ ಕಾಣುತ್ತದೆ. ‘ಇರಲಿ ಬಿಡೋ, ಧ್ಯಾನ ಮಾಡ್ತಿದ್ದೆ ಅಂದ್ಕೋತಾರೆ’ ಎಂದು ಅತ್ತೆ ದೊಡ್ಡ ಮನಸ್ಸು ಮಾಡುತ್ತಾರೆ. ಕರಿಯನಿಗೆ ಅಂಥ ಔದಾರ್ಯವಿಲ್ಲ. ಚೌಕಟ್ಟಿನ ತುಂಬ ಅವನ ಕಪ್ಪು ಮೈ ಕಂಡರೆ ಕ್ಯಾಮೆರಾ ಕತ್ತಲಾಯಿತೆಂದು ಗಾಬರಿಯಾಗಿ, ಬೆಳಕು ಏರಿಸಿ, ಅವನನ್ನು ಬೂದಿಯಲ್ಲಿ ಹೊರಳಿದ ಬೈರಾಗಿಯನ್ನಾಗಿಸುತ್ತದೆ. ಎಕ್ಸ್‌ಪೋಷರ್ ಸ್ವಲ್ಪ ಇಳಿಸಿದರೇ ಕರಿಯ ಮತ್ತೆ ಕರಿಯ. ಫ್ಲ್ಯಾಶ್ ಹಾಕಿದರಂತೂ ಮುಗಿಯಿತು: ನಾಯಿಕಣ್ಣಿನ ಹಿಂಭಾಗದ ಹೊಳಪಿನ ಪದರ ಬೆಳಕನ್ನು ವಾಪಸು ಎಸೆದು, ಮನೆಮಗ ಹಸಿರುಗಣ್ಣಿನ ಪಿಶಾಚಿಯಾಗುತ್ತಾನೆ.

ನಿಂತೇ ತೆಗೆದರೆ ತಲೆ ದಪ್ಪ, ಕಾಲು ಮೋಟು. ಅವನ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಸರಿ, ನೆಲಕ್ಕೆ ಮಲಗಿದೆ. ಅಪ್ಪನಿಗೆ ತಲೆ ಸುತ್ತಿತೆಂದು ಮಗಳು ನೀರು ತಂದಳು, ಕರಿಯ ಓಡಿಬಂದು ಲೆನ್ಸ್ ನೆಕ್ಕಿದ. ನನ್ನ ಮಂಡಿ ಏಳಲು ಒಪ್ಪಲಿಲ್ಲ. ಓಡುವ ನಾಯಿಗೆ ಷಟರ್ ವೇಗ ಸೆಕೆಂಡಿನ 500ನೇ ಒಂದು ಭಾಗವಾದರೂ ಇರಬೇಕು. ಅತ್ತೆಗೆ ಆ ಅವಸರವಿಲ್ಲ. ಸೀರೆ ಬದಲಿಸಲು ಹೋದವರು ಬರುವಷ್ಟರಲ್ಲಿ ಸೂರ್ಯನೇ ಹೋಗಿರುತ್ತಾನೆ.

ನೀವೂ ಹೊಸಬರಾದರೆ ಫ್ಲ್ಯಾಶ್ ಆರಿಸಿ, ಹಿರಿಯರನ್ನು ಕಿಟಕಿಯ ಪಕ್ಕ ಕೂರಿಸಿ ಹರಟೆಗೆಳೆಯಿರಿ. ‘ಸ್ಮೈಲ್ ಪ್ಲೀಸ್’ ಮಾತ್ರ ಅನ್ನಬೇಡಿ, ಕಣ್ಣು ಮುಚ್ಚಿಬಿಡುತ್ತಾರೆ.